ಒಂದು ಸರ್ವನಾಮದ ಹಿಂದೆ ಎರಡು ವರ್ಷ

ನನ್ನ ಮೊದಲ ಸಂಶೋಧನಾ ಪ್ರಸ್ತಾವ ಹತ್ತು ನಿಮಿಷವೂ ಬದುಕಲಿಲ್ಲ. ‘ವಚನಗಳಲ್ಲಿ ಮತ್ತು ಪೌಲನ ಪತ್ರಗಳಲ್ಲಿ ಕೃಪೆಯ ಕಲ್ಪನೆ’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡು ಹೋಗಿದ್ದೆ. ಮಾರ್ಗದರ್ಶಕರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ ಹೇಳಿದರು: “ಕರ್ನಾಟಕದವರು ಬಸವಣ್ಣನನ್ನು ತರುತ್ತಾರೆ, ನಮ್ಮ ತಮಿಳರು ಮಾಣಿಕ್ಕವಾಸಗರನ್ನು, ಮಹಾರಾಷ್ಟ್ರದವರು ತುಕಾರಾಮನನ್ನು. ಒಳ್ಳೆಯದೇ. ಆದರೆ ಈ ವಿಷಯದಲ್ಲಿ ನಿಮಗೆ ಮಾತ್ರ ಗೊತ್ತಿರುವುದು ಏನಿದೆ?” ನಾನು ಬಾಯಿ ತೆರೆದೆ, ಮುಚ್ಚಿದೆ. ಅವರು ಹಾಳೆಯನ್ನು ಮಡಿಸಿ ಕೈಗೆ ಕೊಟ್ಟರು. ಹರಿದು ಹಾಕಿದ್ದರೆ ಕಡಿಮೆ ಅವಮಾನವಾಗುತ್ತಿತ್ತು.

ಅದು ಎಂ.ಟಿಎಚ್. ಎಂಬ ಸ್ನಾತಕೋತ್ತರ ಪದವಿಯ ಮೊದಲ ವರ್ಷದ ಕೊನೆ. ಬೆಂಗಳೂರಿನ ಒಂದು ದೈವಶಾಸ್ತ್ರ ಕಾಲೇಜಿನಲ್ಲಿ ಹೊಸ ಒಡಂಬಡಿಕೆಯ ವಿಭಾಗಕ್ಕೆ ಸೇರಿದ್ದೆ. ದೈವಶಾಸ್ತ್ರದಲ್ಲಿ ಎಂ.ಟಿಎಚ್. ಓದುತ್ತಿದ್ದೇನೆ ಎಂದರೆ ಅರ್ಧ ಜನ “ಪಾದ್ರಿ ಕೋರ್ಸಾ?” ಎನ್ನುತ್ತಾರೆ. ಉಳಿದರ್ಧ, ನಾನು ಹೆಂಗಸಾದ್ದರಿಂದ, “ಯಜಮಾನರು ಪಾದ್ರಿಯಾ?” ಎನ್ನುತ್ತಾರೆ. ದಕ್ಷಿಣ ಭಾರತ ಸಭೆಯಲ್ಲಿ ಹೆಣ್ಣುಮಕ್ಕಳಿಗೆ ಗುರುದೀಕ್ಷೆ ಕೊಡಲು ಆರಂಭಿಸಿದ್ದು 1976ರಲ್ಲಿ. ಆ ಸುದ್ದಿ ಇನ್ನೂ ಎಲ್ಲ ಮನೆಗಳಿಗೆ ತಲುಪಿಲ್ಲ.

ನಮ್ಮ ಊರು ಮೂಲ್ಕಿಯ ಹತ್ತಿರ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಲ್ಲಿ ಅಜ್ಜ ಮುಂದೆ ದುಡಿದವರು. ಅಪ್ಪ ಕನ್ನಡ ಮೇಷ್ಟ್ರು. ಮನೆಮಾತು ತುಳು. ಆದರೆ ಭಾನುವಾರದ ಆರಾಧನೆ, ಸತ್ಯವೇದ, ಗೀತೆ, ಮದುವೆ, ಸಾವು, ಎಲ್ಲ ಕನ್ನಡದಲ್ಲಿ. ದೇವರಿಗೆ ಕನ್ನಡ, ಮೀನಿನವಳಿಗೆ ತುಳು ಎಂಬ ವಿಂಗಡಣೆಯನ್ನು ನಾವು ಯಾರೂ ಮಾಡಿದ್ದಲ್ಲ, ಹುಟ್ಟುವಾಗಲೇ ಇತ್ತು. ಬಿ.ಡಿ., ಅಂದರೆ ದೈವಶಾಸ್ತ್ರದ ಮೊದಲ ಪದವಿಯನ್ನೂ ನಾನು ಕನ್ನಡದಲ್ಲೇ ಓದಿದೆ. ಆಮೇಲೆ ಎರಡು ವರ್ಷ ಒಂದು ಹಳ್ಳಿಯ ಸಭೆಯಲ್ಲಿ ಸಹಾಯಕಿಯಾಗಿ ದುಡಿದು, ಮೇಲಿನವರಿಂದ ಶಿಫಾರಸು ಪತ್ರ ಪಡೆದು ಬೆಂಗಳೂರಿನ ಬಸ್ ಹತ್ತಿದೆ.

ಪ್ರವೇಶ ಪರೀಕ್ಷೆಯ ದಿನ ಗ್ರೀಕ್ ಭಾಗವೊಂದನ್ನು ಕೊಟ್ಟು ಇಂಗ್ಲಿಷಿಗೆ ತರಲು ಹೇಳಿದರು. ನನಗೆ ಗ್ರೀಕ್ ಅರ್ಥವಾಯಿತು, ಇಂಗ್ಲಿಷ್ ಒದಗಲಿಲ್ಲ. ಉತ್ತರಪತ್ರಿಕೆಯ ಅಂಚಿನಲ್ಲಿ ಕನ್ನಡದಲ್ಲಿ ಅನುವಾದ ಬರೆದುಕೊಂಡು, ಅದರಿಂದ ಇಂಗ್ಲಿಷಿಗೆ ಇಳಿಸಿ, ಅಂಚನ್ನು ಅಳಿಸಲು ಮರೆತು ಕೊಟ್ಟು ಬಂದೆ. ಸಂದರ್ಶನದಲ್ಲಿ ಒಬ್ಬರು ಆ ಅಂಚನ್ನೇ ತೋರಿಸಿ “ಇದು ಚೆನ್ನಾಗಿದೆ” ಎಂದರು. ಕನ್ನಡ ಬಲ್ಲವರು ಅವರೊಬ್ಬರೇ ಇದ್ದರು.

ಸೆರಾಂಪುರ ವ್ಯವಸ್ಥೆಯಲ್ಲಿ ಎಂ.ಟಿಎಚ್. ಎಂದರೆ ಎರಡು ವರ್ಷ: ಮೊದಲನೆಯದು ತರಗತಿ, ಪರೀಕ್ಷೆ, ಸೆಮಿನಾರುಗಳಿಗೆ, ಎರಡನೆಯದು ಪ್ರಬಂಧಕ್ಕೆ. ಕಾಲೇಜು ಎಲ್ಲೇ ಇರಲಿ, ಪದವಿ ಬರುವುದು ಬಂಗಾಳದ ಸೆರಾಂಪುರದಿಂದ. 1818ರಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮಿಷನರಿಗಳು ಕಟ್ಟಿದ ಕಾಲೇಜು ಅದು. ಊರು ಆಗ ಡೆನ್ಮಾರ್ಕಿನ ಕೈಯಲ್ಲಿತ್ತು, 1827ರಲ್ಲಿ ಪದವಿ ಕೊಡುವ ಸನ್ನದು ಬರೆದುಕೊಟ್ಟವನು ಡೆನ್ಮಾರ್ಕಿನ ದೊರೆ. ಮೂಲ್ಕಿಯ ಹುಡುಗಿಯ ಅಂಕಪಟ್ಟಿಯ ಹಿಂದೆ ಆರನೆಯ ಫ್ರೆಡ್ರಿಕ್ ನಿಂತಿದ್ದಾನೆ ಎಂದು ಅಪ್ಪನಿಗೆ ಹೇಳಿದಾಗ ಅವರು, “ಅವನು ಫೀಸು ಕಟ್ಟುತ್ತಾನಾ ಕೇಳು” ಎಂದರು.

ಗ್ರೀಕ್ ತರಗತಿಯಲ್ಲಿ ನನಗೊಂದು ಅನಿರೀಕ್ಷಿತ ಲಾಭವಾಯಿತು. ವಿಭಕ್ತಿ ಎಂದರೆ ಕನ್ನಡ ಮೇಷ್ಟ್ರ ಮಗಳಿಗೆ ಹೊಸದಲ್ಲ. ಅದಕ್ಕಿಂತ ಹೆಚ್ಚು ಒದಗಿದ್ದು ‘ಕೊಳ್ಳು’. ಗ್ರೀಕಿನಲ್ಲಿ ಕರ್ತರಿ, ಕರ್ಮಣಿಗಳ ನಡುವೆ ಇನ್ನೊಂದು ಪ್ರಯೋಗ ಇದೆ: ಮಾಡಿದವನು ತನಗಾಗಿ, ತನ್ನ ಮೇಲೆ ಮಾಡಿಕೊಳ್ಳುವುದು. ಇಂಗ್ಲಿಷಿನಲ್ಲಿ ಕಲಿತವರು ಅದಕ್ಕೆ ಒಂದು ಪುಟದ ವಿವರಣೆ ಬಾಯಿಪಾಠ ಮಾಡುತ್ತಿದ್ದರು. ‘ತೊಳೆದ’ ಮತ್ತು ‘ತೊಳೆದುಕೊಂಡ’ ಎಂಬ ಎರಡು ಪದ ಬರೆದುಕೊಂಡು ನಾನು ಮುಂದಿನ ಪಾಠಕ್ಕೆ ಹೋದೆ. ಎಲ್ಲ ಕಡೆಗೂ ಹೊಂದುವುದಿಲ್ಲ, ಆದರೆ ಮುಕ್ಕಾಲು ದಾರಿ ದಾಟಿಸುತ್ತದೆ.

ಉಳಿದುದು ಅಷ್ಟು ಸಲೀಸಾಗಿರಲಿಲ್ಲ. ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸುವಿನ ಮುಂದೆ ತಂದು ನಿಲ್ಲಿಸುವ ಕಥೆಯಿದೆ. ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ ಎಂಬ ಮಾತು ಬರುವುದು ಅಲ್ಲೇ. ನಾನು ಜೀವನದಲ್ಲಿ ಮಾಡಿದ ಮೊದಲ ಪ್ರಸಂಗ ಅದರ ಮೇಲೆ. ಪಾಠ ವಿಮರ್ಶೆಯ ತರಗತಿಯಲ್ಲಿ ಗ್ರೀಕ್ ಪುಸ್ತಕ ತೆರೆದರೆ ಆ ಹನ್ನೆರಡು ವಚನಗಳು ಜೋಡಿ ಕಂಸದೊಳಗೆ ಕುಳಿತಿವೆ. ಹಳೆಯ ಕೈಬರಹದ ಪ್ರತಿಗಳಲ್ಲಿ ಅವು ಇಲ್ಲ: ಪಪೈರಸ್ 66ರಲ್ಲಿ ಇಲ್ಲ, 75ರಲ್ಲಿ ಇಲ್ಲ, ಸಿನಾಯ್ಟಿಕಸ್‌ನಲ್ಲಿ ಇಲ್ಲ, ವ್ಯಾಟಿಕಾನಸ್‌ನಲ್ಲಿ ಇಲ್ಲ. ನಂತರದ ಯಾರೋ ಸೇರಿಸಿದ್ದು ಎಂಬುದೇ ಬಹುತೇಕ ವಿದ್ವಾಂಸರ ಮತ. ಆ ಸಂಜೆ ನಾನು ಊಟಕ್ಕೆ ಹೋಗಲಿಲ್ಲ. ನಂಬಿಕೆ ಹೋಯಿತು ಎಂದೇನಲ್ಲ. ನನ್ನ ಪ್ರಸಂಗ ಕೇಳಿ ಅತ್ತಿದ್ದ ಒಬ್ಬ ಮುದುಕಿಯ ಮುಖ ನೆನಪಾಗುತ್ತಿತ್ತು. ಅವರಿಗೆ ನಾನು ಇಲ್ಲದ ಕಥೆ ಹೇಳಿದೆನೇ? ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾತಿ, ಗುಂಟೂರಿನವಳು, ನಗುತ್ತಾ ಹೇಳಿದಳು: “ಸೇರಿಸಿದವನು ಯಾಕೆ ಸೇರಿಸಿದ ಎಂದು ಕೇಳು. ಬಿಡಲಾಗದೆ ಸೇರಿಸಿದ.” ಅದು ಪರೀಕ್ಷೆಯಲ್ಲಿ ಅಂಕ ತರುವ ಉತ್ತರವಲ್ಲ. ನನಗೆ ಊಟ ಸೇರಿಸಿದ ಉತ್ತರ.

ನನ್ನ ವಿಷಯವನ್ನು ಕೊಟ್ಟವಳೂ ಅವಳೇ, ತಿಳಿಯದೆಯೇ.

ಬೆಳಗಿನ ಪ್ರಾರ್ಥನೆಯಲ್ಲಿ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ಒಟ್ಟಿಗೆ ಹೇಳುವ ರೂಢಿಯಿತ್ತು. ಮಿಜೋ, ಆವೋ, ಮಲಯಾಳ, ತಮಿಳು, ತೆಲುಗು, ಕನ್ನಡ ಎಲ್ಲ ಕಲಸಿ ಸಂತೆಯ ಗದ್ದಲದಂತೆ ಕೇಳುತ್ತದೆ. ಪ್ರಸ್ತಾವ ಸತ್ತ ಮರುದಿನ ನನಗೆ ಹೇಳುವ ಮನಸ್ಸಿರಲಿಲ್ಲ, ಸುಮ್ಮನೆ ಪಕ್ಕದವಳದ್ದು ಕೇಳುತ್ತಾ ಕುಳಿತಿದ್ದೆ. “ಪರಲೋಕಮಂದುನ್ನ ಮಾ ತಂಡ್ರೀ” ಎಂದಳು. ತಿಂಡಿಯ ಸಾಲಿನಲ್ಲಿ ಕೇಳಿದೆ: “ಮಾ ಯಾಕೆ, ಮನ ಯಾಕಲ್ಲ?” ಅವಳು ನನ್ನನ್ನು ಪೆದ್ದಿಯಂತೆ ನೋಡಿದಳು. “ಮನ ಎಂದರೆ ಕೇಳುವವನೂ ಸೇರಿದ. ದೇವರಿಗೆ ‘ನಿನಗೂ ನನಗೂ ತಂದೆಯಾದವನೇ’ ಎನ್ನಲೇ?”

ತಟ್ಟೆಯಲ್ಲಿ ಉಪ್ಪಿಟ್ಟು ತಣ್ಣಗಾಯಿತು. ತುಳುವಿನಲ್ಲೂ ಇದೇ ಅಲ್ಲವೇ? ‘ನಮ’ ಎಂದರೆ ನಾನೂ ನೀನೂ ಸೇರಿದ ನಾವು. ‘ಎಂಕುಲು’ ಎಂದರೆ ನಿನ್ನನ್ನು ಬಿಟ್ಟು ನಾವು. ಹುಟ್ಟಿದಾಗಿನಿಂದ ತಪ್ಪದೆ ಬಳಸಿದ್ದೇನೆ, ಒಮ್ಮೆಯೂ ಯೋಚಿಸಿಲ್ಲ. ಮೇಷ್ಟ್ರಾದ ಅಪ್ಪನೂ ಹೇಳಿಕೊಟ್ಟಿಲ್ಲ. ತಮಿಳರು ‘ಎಂಗಳ್ ಪಿತಾವೇ’ ಎನ್ನುತ್ತಾರೆ, ‘ನಮ್ಮುಡೈಯ’ ಎನ್ನುವುದಿಲ್ಲ. ಮಲಯಾಳದಲ್ಲಿ ‘ಞಙಳುಡೆ ಪಿತಾವೇ’. ಸುತ್ತಲಿನವರೆಲ್ಲ ಲೆಕ್ಕ ಇಟ್ಟಿದ್ದಾರೆ. ಇಂದಿನ ಕನ್ನಡ ಮಾತ್ರ ಒಂದೇ ‘ನಾವು’ ಇಟ್ಟುಕೊಂಡು ನಿಶ್ಚಿಂತೆಯಾಗಿದೆ. ಮೂಲ ಗ್ರೀಕಿನಲ್ಲೂ ಒಂದೇ: ‘ಪಾತೆರ್ ಹೇಮೋನ್’. ಹಾಗಾದರೆ ಗ್ರೀಕ್ ‘ನಾವು’ ಬಂದಲ್ಲೆಲ್ಲ ತುಳುವಿಗೆ ತರುವವನು ಒಂದು ತೀರ್ಮಾನ ಮಾಡಲೇಬೇಕು. ವ್ಯಾಕರಣದ ತೀರ್ಮಾನ ಎಂದು ಆರಂಭವಾಗುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆ?

ಮಾರ್ಗದರ್ಶಕರು ಈ ಬಾರಿ ಕನ್ನಡಕ ತೆಗೆಯಲಿಲ್ಲ. ಒಂದೇ ಷರತ್ತು ಹಾಕಿದರು: ಮುದ್ರಿತ ಅನುವಾದಗಳ ಚರಿತ್ರೆ ಬೇರೆಯೇ ಪ್ರಬಂಧ, ಅದಕ್ಕೆ ಕೈಹಾಕಬಾರದು, ಬಾಯಿಮಾತಿನ ತುಳುವನ್ನು ಕೇಳಿಕೊಂಡು ಬರಬೇಕು. ಆದರೂ ಆಸೆ ತಡೆಯಲಾರದೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲಾಗಾರದಲ್ಲಿ ಒಂದು ವಾರ ಕುಳಿತೆ. ಬ್ರಿಗೆಲ್ ಅವರ 1872ರ ತುಳು ವ್ಯಾಕರಣ, ಮ್ಯಾನರ್ ಅವರ 1886ರ ತುಳು ನಿಘಂಟು ಓದುವುದರಲ್ಲೇ ದಿನಗಳು ಜಾರಿದವು. ಹಳೆಯ ಜರ್ಮನ್ ಕೈಬರಹದ ಒಂದು ಹಾಳೆಯೂ ನೋಡಲು ಸಿಕ್ಕಿತು. ಸಾಲು ಸಾಲು ಗರಗಸದ ಹಲ್ಲು. ಒಂದು ಪದವೂ ಬಿಡಿಸಲಾಗಲಿಲ್ಲ. ಮಾರ್ಗದರ್ಶಕರ ಷರತ್ತಿನ ಹಿಂದಿನ ಕರುಣೆ ಅಲ್ಲಿ ಗೊತ್ತಾಯಿತು.

ಮೂರು ವಾಕ್ಯಭಾಗಗಳನ್ನು ಆರಿಸಿಕೊಂಡೆ. ಒಂದು, ಕರ್ತನ ಪ್ರಾರ್ಥನೆ. ಎರಡು, ಮಾರ್ಕನ ನಾಲ್ಕನೆಯ ಅಧ್ಯಾಯ: ಬಿರುಗಾಳಿ, ದೋಣಿಗೆ ನೀರು ನುಗ್ಗುತ್ತಿದೆ, ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದಾನೆ, ಶಿಷ್ಯರು ಎಬ್ಬಿಸಿ “ಗುರುವೇ, ನಾವು ಸಾಯುತ್ತಿರುವುದು ನಿನಗೆ ಲೆಕ್ಕಕ್ಕಿಲ್ಲವೇ” ಎನ್ನುತ್ತಾರೆ. ಗ್ರೀಕಿನಲ್ಲಿ ‘ನಾವು’ ಎಂಬ ಪದವೂ ಇಲ್ಲ. ‘ಅಪೊಲ್ಲುಮೆಥಾ’ ಎಂಬ ಕ್ರಿಯಾಪದದ ಬಾಲದಲ್ಲಿ ಅಡಗಿದೆ. ಮೂರು, ಯೋಹಾನನ ನಾಲ್ಕನೆಯ ಅಧ್ಯಾಯ: ಸಮಾರ್ಯದ ಹೆಂಗಸು ಬಾವಿಯ ಬಳಿ ನೀರು ಕೇಳಿದ ಯೆಹೂದ್ಯನಿಗೆ, ಈ ಬಾವಿಯನ್ನು ನಮಗೆ ಕೊಟ್ಟ ನಮ್ಮ ಪಿತೃ ಯಾಕೋಬನಿಗಿಂತ ನೀನು ದೊಡ್ಡವನೋ ಎಂದು ಕೇಳುವುದು. ಯೆಹೂದ್ಯರಿಗೂ ಸಮಾರ್ಯದವರಿಗೂ ನೀರು ಬಳಕೆಯಿಲ್ಲ. ಆದರೆ ಇಬ್ಬರೂ ಯಾಕೋಬನನ್ನು ಮೂಲಪುರುಷ ಎನ್ನುತ್ತಾರೆ. ಅವಳ ‘ನಮ್ಮ’ದೊಳಗೆ ಎದುರಿಗೆ ಕುಳಿತವನು ಇದ್ದಾನೋ ಇಲ್ಲವೋ?

ವಿಧಾನ ಸರಳ. ವಾಕ್ಯ ಓದಿಸುವುದಿಲ್ಲ. ಸನ್ನಿವೇಶವನ್ನು ಕಥೆಯಾಗಿ ಹೇಳಿ “ಈಗ ಅವಳು ತುಳುವಿನಲ್ಲಿ ಏನೆಂದಾಳು” ಎಂದು ಕೇಳುವುದು, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳುವುದು. ಎರಡು ತಿಂಗಳು ಸಭೆಯಿಂದ ಸಭೆಗೆ, ಮನೆಯಿಂದ ಮನೆಗೆ ಅಲೆದೆ. ಪ್ರಾರ್ಥನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ: ‘ಎಂಕ್ಲೆನ’, ಕೇಳುವವನನ್ನು ಬಿಟ್ಟು ನಮ್ಮ. ಒಬ್ಬ ಹುಡುಗ ಮಾತ್ರ ಕೇಳುವವನನ್ನೂ ಸೇರಿಸುವ ‘ನಮ್ಮ’ ಎಂದ. ಅವನ ಅಮ್ಮ ತಲೆಗೆ ಮೊಟಕಿ, “ದೇವರೇನು ನಿನ್ನ ಅಣ್ಣನಾ?” ಎಂದರು.

ದೋಣಿಯ ಮಾತನ್ನು ಸಮುದ್ರ ಬಲ್ಲವರಲ್ಲೇ ಕೇಳಬೇಕೆಂದು ನೆರೆಮನೆಯ ಮೊಗವೀರ ಹಿರಿಯರ ಬಳಿ ಹೋದೆ. ಅವರು ಕ್ರೈಸ್ತರಲ್ಲ. ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದರು, ಹಲ್ಲಿನಲ್ಲಿ ನೂಲು ಕಚ್ಚಿಕೊಂಡೇ ಕಥೆ ಕೇಳಿದರು. ಗುರು ಮಲಗಿದ್ದಾರೆ, ಶಿಷ್ಯರು ಎಬ್ಬಿಸುತ್ತಾರೆ, ನಮ ಎನ್ನುತ್ತಾರೋ ಎಂಕುಲು ಎನ್ನುತ್ತಾರೋ? ನೂಲು ತುಂಡರಿಸಿ ಉಗುಳಿ ಹೇಳಿದರು: “ದೋಣಿ ಮುಳುಗುವಾಗ ಎಂಕುಲು ಎನ್ನುವವನುಂಟೇ? ದೋಣಿಯಲ್ಲಿ ಇದ್ದವರೆಲ್ಲ ನಮ. ನೀರು ಗುರು ಯಾರು ಎಂದು ಕೇಳುತ್ತದೆಯೇ?”

ನಾನು ಸಮುದ್ರದ ದಂಡೆಯಲ್ಲೇ ಬೆಂಗಳೂರಿಗೆ, ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಪ್ರಾರ್ಥಿಸುವಾಗ ‘ಎಂಕುಲು’, ದೇವರು ನಮ್ಮ ಆಚೆಗೆ. ದೋಣಿಯಲ್ಲಿ ‘ನಮ’, ಅವನೂ ನಮ್ಮೊಂದಿಗೆ ಮುಳುಗುವವನು. ಯೇಸು ಪೂರ್ಣ ದೇವರು ಮತ್ತು ಪೂರ್ಣ ಮನುಷ್ಯ ಎಂದು 451ರಲ್ಲಿ ಕ್ಯಾಲ್ಸೆಡನ್ ಮಹಾಸಭೆ ಹೇಳಿದ್ದು ಇದನ್ನೇ ಅಲ್ಲವೇ, ತುಳುವಿನಲ್ಲಿ ಎರಡು ಸರ್ವನಾಮ ಸಾಕು! ಆಚೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. “ಅಮ್ಮಾ, ಬಲೆಯಿಂದ ಕ್ಯಾಲ್ಸೆಡನ್‌ಗೆ ಒಂದೇ ನೆಗೆತ ಬೇಡ. ನಡುವೆ ಮೂರು ಅಧ್ಯಾಯ ಕಟ್ಟಿ” ಎಂದು ಇಟ್ಟರು. ಆ ಮೂರು ಅಧ್ಯಾಯಗಳು ನನ್ನ ಏಳು ತಿಂಗಳು ತಿಂದವು. ಮೊಗವೀರರಿಗೆ ಅರ್ಧ ನಿಮಿಷ ಹಿಡಿದಿತ್ತು.

ಬಾವಿಯ ಮಾತಿಗೆ ಜನ ಎರಡು ಪಾಲಾದರು. ಹೆಚ್ಚು ಹೊತ್ತು ಮಾತಾಡಿದವರು ಮಾಮಿ, ಅಪ್ಪನ ಅಕ್ಕ, ಎಂಬತ್ತು ದಾಟಿದವರು. ಅಡುಗೆಮನೆಯ ಮೆಟ್ಟಿಲಲ್ಲಿ ಕುಳಿತು ಬಂಗುಡೆ ಶುಚಿ ಮಾಡುತ್ತಾ ನನ್ನ ಕಥೆಯನ್ನು ಮೊದಲು ತಿದ್ದಿದರು. “ಅಪ್ಪ ಬಾವಿ ಕೊಡುವುದುಂಟೇ? ಹಿಂದೆ ನಮ್ಮವರಲ್ಲಿ ಸೋದರಮಾವನಿಂದ ಬರುತ್ತಿತ್ತು.” ಅಳಿಯಸಂತಾನದ ನೆನಪು. ನಮ್ಮ ಹಿರಿಯರು ಕ್ರೈಸ್ತರಾಗುವ ಮೊದಲು ಬಿಲ್ಲವರು. ಮತ ಬದಲಾಗಿ ಮೂರು ತಲೆಮಾರಾದರೂ ಮಾಮಿಯ ಬಾಯಲ್ಲಿ ಆಸ್ತಿ ಇನ್ನೂ ಹೆಣ್ಣಿನ ದಾರಿಯಲ್ಲೇ ಇಳಿಯುತ್ತದೆ. ಆಮೇಲೆ ಕೇಳಿದರು, “ನೀರು ಕೇಳಿದವನು ಯಾವ ಜಾತಿ?” ಬೇರೆ ಎಂದೆ. “ನಮ್ಮ ನೀರು ಮುಟ್ಟುವವನಾ?” ಮುಟ್ಟಬಾರದವನು, ಆದರೂ ಕೇಳಿದ ಎಂದೆ. ಕತ್ತಿ ನಿಂತಿತು. “ಕೇಳಿದನಾ!” ಎಂದರು. ಸ್ವಲ್ಪ ಹೊತ್ತಿನ ನಂತರ ಉತ್ತರ ಬಂತು: ಅಜ್ಜ ಇಬ್ಬರಿಗೂ ಒಬ್ಬನೇ ಆದರೆ ಅವನು ‘ನಮ್ಮ’ ಅಜ್ಜ. ಬಾವಿ ಮಾತ್ರ ‘ಎಂಕ್ಲೆಗ್’, ನಿನ್ನನ್ನು ಬಿಟ್ಟು ನಮಗೆ, ಕೊಟ್ಟದ್ದು, ಪಾಲಾದ ಮೇಲೆ ಬಾವಿ ಯಾರ ಜಾಗದಲ್ಲಿದೆಯೋ ಅವರದು.

ಹಾಸ್ಟೆಲಿಗೆ ಮರಳಿ ತಮಿಳು, ತೆಲುಗು ಸತ್ಯವೇದಗಳನ್ನು ತೆರೆದಾಗ ಕೂದಲು ನಿಮಿರಿತು. ತಮಿಳಿನಲ್ಲಿ ಬಾವಿ ‘ಎಂಗಳುಕ್ಕು’, ಪಿತೃ ‘ನಮ್ಮುಡೈಯ’. ತೆಲುಗಿನಲ್ಲಿ ‘ಮಾಕಿಚ್ಚಿನ ಮನ ತಂಡ್ರಿ’. ಒಂದೇ ವಾಕ್ಯದಲ್ಲಿ ಎರಡು ಬಗೆಯ ನಾವು. ಮಾಮಿಗೆ ತಮಿಳೂ ಬಾರದು, ತೆಲುಗೂ ಬಾರದು. ಪಾಲುಪಟ್ಟಿಯ ಜಗಳ ಬರುತ್ತದೆ.

ಬರವಣಿಗೆಯ ತಿಂಗಳುಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಕುಳಿತಿದ್ದೆ, ಬೆನ್ನು ನೋಯುತ್ತಿತ್ತು. ಇಂಗ್ಲಿಷಿನಲ್ಲಿ ಎರಡು ನಾವುಗಳಿಗೆ ಪದವಿಲ್ಲದೆ ಪ್ರತಿ ಬಾರಿ ಬಾಲಂಗೋಚಿ ಹಚ್ಚಬೇಕಿತ್ತು. ಕೊನೆಯ ವಾರ ಮುದ್ರಣದಂಗಡಿಯಲ್ಲಿ ಗ್ರೀಕ್ ಅಕ್ಷರಗಳೆಲ್ಲ ಸರಿಯಾಗಿ ಬಂದವು, ತುಳು ಉಲ್ಲೇಖಗಳು ಮಾತ್ರ ಚೌಕ ಚೌಕ ಪೆಟ್ಟಿಗೆಗಳಾದವು. ಅಂಗಡಿಯ ಹುಡುಗ, “ಮೇಡಂ, ಇದು ಯಾವ ದೇಶದ ಭಾಷೆ?” ಎಂದ. ಕನ್ನಡ ಲಿಪಿ ಎಂದೆ. ಬೆಂಗಳೂರಿನಲ್ಲೇ ನಡೆದದ್ದು ಇದು.

ಮೌಖಿಕ ಪರೀಕ್ಷೆ ಒಂದು ಗಂಟೆಗೂ ಮೀರಿತು. ಹೊರಗಿನ ಪರೀಕ್ಷಕರು ಮಲಯಾಳಿ, ಸೌಮ್ಯ ದನಿ, ಅಂಚೆಲ್ಲ ಪೆನ್ಸಿಲ್ ಗುರುತು. ಗ್ರೀಕಿನಲ್ಲಿ ಇಲ್ಲದ ಭೇದವನ್ನು ತುಳುವಿನಿಂದ ಗ್ರೀಕಿನೊಳಕ್ಕೆ ತುರುಕುತ್ತಿದ್ದೀರಲ್ಲವೇ ಎಂದರು. ಯೋಹಾನ ಏನು ಹೇಳಿದ ಎಂದು ನಾನು ಹೇಳುತ್ತಿಲ್ಲ, ಯೋಹಾನನನ್ನು ಕೇಳಿದ ತುಳುವರು ಯಾವ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು ಎಂದು ಹೇಳುತ್ತಿದ್ದೇನೆ ಎಂದೆ. ಈ ಉತ್ತರ ಸಾಕಾಯಿತೋ, ಸುಸ್ತಾಗಿದ್ದರೋ, ತಲೆಯಾಡಿಸಿದರು. ಮತ್ತೆ ಪುಟ ತಿರುವಿದರು. ಅನುಬಂಧದಲ್ಲಿ ಮಾಮಿಯ ಮಾತು ಅಕ್ಷರಶಃ ಇತ್ತು. “ಇಲ್ಲಿ ‘ಎಂಕ್ಲೆಗ್’ ಎಂದು ಬರೆದಿದ್ದೀರಿ. ಪ್ರಬಂಧವೆಲ್ಲ ಇದರ ಮೇಲೆ ನಿಂತಿದೆ. ಧ್ವನಿಮುದ್ರಿಕೆ ಇನ್ನೊಮ್ಮೆ ಕೇಳಿ ಖಚಿತಪಡಿಸಿ.” ತಿದ್ದುಪಡಿಗಳಿಗೆ ಒಳಪಟ್ಟು ಅಂಗೀಕಾರ ಎಂದು ಬರೆದುಕೊಟ್ಟರು.

ರಾತ್ರಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಿದೆ. ಮೀನು ಕತ್ತರಿಸುವ ಸದ್ದು, ಕಾಗೆ, ಮಾಮಿಯ “ಕೇಳಿದನಾ!”, ‘ನಮ್ಮ ಅಜ್ಜೆರ್’ ಸ್ಪಷ್ಟ. ಆಮೇಲೆ ಬಾವಿ ಯಾರಿಗೆ ಕೊಟ್ಟದ್ದು ಎನ್ನುವ ಪದದ ಮೇಲೆಯೇ ಒಳಗಿನಿಂದ ಕುಕ್ಕರ್ ಕೂಗಿದೆ. ಹತ್ತು ಸಲ ಹಿಂದೆ ಮುಂದೆ ಮಾಡಿದೆ. ‘ಎಂಕ್ಲೆಗ್’ ಎಂದೇ ಕೇಳುತ್ತದೆ, ಅದು ಗೊತ್ತಿದ್ದರೆ. ಗೊತ್ತಿಲ್ಲದೆ ಕೇಳಿದರೆ ಕುಕ್ಕರ್.

ಬೆಳಿಗ್ಗೆ ಮಾಮಿಗೆ ಫೋನ್ ಮಾಡಿ ಆ ದಿನ ಹೇಳಿದ್ದನ್ನು ನೆನಪಿಸಿದೆ. “ಅದೆಲ್ಲ ನೆನಪಿಲ್ಲ ಮಗಳೇ. ಇನ್ನೊಮ್ಮೆ ಕಥೆ ಹೇಳು.” ಹೇಳಿದೆ. ಈ ಬಾರಿ ಕೊನೆಯವರೆಗೂ ಕೇಳಿದರು. ಹೆಂಗಸು ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಓಡಿದ್ದು, ಊರವರು ಬಂದು ಅವನನ್ನು ಎರಡು ದಿನ ತಮ್ಮಲ್ಲೇ ಉಳಿಸಿಕೊಂಡದ್ದು. ಬಾವಿ ಯಾರಿಗೆ ಕೊಟ್ಟದ್ದು ಮಾಮಿ ಎಂದೆ. “ಎರಡು ದಿನ ಅಲ್ಲೇ ಉಂಡನಲ್ಲ,” ಎಂದರು, “ಹಾಗಾದರೆ ನಮ್ಮದೇ.”

ಅದನ್ನು ಪ್ರಬಂಧದೊಳಗೆ ಎಲ್ಲಿ ಇಡುವುದೆಂದು ಮಾರ್ಗದರ್ಶಕರನ್ನು ಕೇಳಿದೆ. ತುಂಬಾ ಹೊತ್ತು ಕಿಟಕಿಯ ಹೊರಗೆ ನೋಡಿ, “ಅಡಿಟಿಪ್ಪಣಿ” ಎಂದರು. ಕುಕ್ಕರ್ ಸಮೇತ ಬರೆದೆ. ಅನುಬಂಧದಲ್ಲಿ ಆ ಪದದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ರಟ್ಟು ಕಟ್ಟಿಸಿ, ಗ್ರಂಥಾಲಯಕ್ಕೆ ಒಂದು ಪ್ರತಿ ಕೊಟ್ಟು ರಶೀದಿ ತೆಗೆದುಕೊಂಡು ಬಂದೆ.